ಹೇಳಿದವಳಿಗೆ ಮೆಮೊ ಕೊಡಬೇಡಿ

ಮಗಳೇ, ರೋಗಿಗಳ ಸುರಕ್ಷತೆಗೆ ದೇಶಮಟ್ಟದಲ್ಲಿ ಯೋಜನೆ ಮಾಡುವವರ ಜೊತೆ ನಿನಗೂ ಜಾಗ ಸಿಕ್ಕಿದೆ ಅಂತ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ಬಹಳ ಸಂತೋಷವಾಯಿತು. ನೀನು ಓದಿದ್ದನ್ನು ನಾನು ಓದಿಲ್ಲ. ಸ್ಟಾಫ್ ನರ್ಸ್ ಆಗಿ ಸೇರಿ ನರ್ಸಿಂಗ್ ಸೂಪರಿಂಟೆಂಡೆಂಟ್ ಆಗಿ ನಿವೃತ್ತಳಾಗುವ ತನಕ ಸರ್ಕಾರಿ ಆಸ್ಪತ್ರೆಯ ವಾರ್ಡುಗಳಲ್ಲೇ ನನ್ನ ಆಯುಸ್ಸು ಕಳೆಯಿತು. ಅಲ್ಲಿ ನಿಂತವರಿಗೆ ಕಾಣುವ ಕೆಲವು ಸಂಗತಿ ಕಡತದಲ್ಲಿ ಇರುವುದಿಲ್ಲ. ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ, ದೊಡ್ಡಮ್ಮನ ಮಾತು ಅಂತ ಕಿವಿಗೆ ಹಾಕಿಕೋ.

ಮೊದಲು ಹಳೆಯ ಯೋಜನೆಯನ್ನೇ ಕೂತು ಓದು. ಕೇಂದ್ರ ಆರೋಗ್ಯ ಸಚಿವಾಲಯ 2018ರಿಂದ 2025ರವರೆಗೆ ಅಂತ ರಾಷ್ಟ್ರೀಯ ರೋಗಿ ಸುರಕ್ಷತಾ ಚೌಕಟ್ಟು ಒಂದನ್ನು ತಂದಿತ್ತು. ಆರು ಗುರಿಗಳು. ಹಾನಿ ಎಷ್ಟಾಗುತ್ತಿದೆ ಅಂತ ಅಳೆಯುವುದು, ವರದಿ ಮಾಡುವ ವ್ಯವಸ್ಥೆ ಕಟ್ಟುವುದು, ಸಿಬ್ಬಂದಿಗೆ ತರಬೇತಿ, ಸೋಂಕು ತಡೆ, ಸಂಶೋಧನೆ, ಎಲ್ಲ ಇದೆ. ಬರೆದವರು ತಿಳಿದವರೇ, ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಆದರೂ ನಾನು ಮಾತಾಡಿಸಿದ ಸಿಸ್ಟರ್‌ಗಳಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಸಿಗಲಿಲ್ಲ. ಆಸ್ಪತ್ರೆ ಸ್ವಚ್ಛತೆಯ ಕಾಯಕಲ್ಪ ಕಾರ್ಯಕ್ರಮ ಅಂದರೆ ಎಲ್ಲರಿಗೂ ಗೊತ್ತು. ಹೆರಿಗೆ ಕೋಣೆಯ ಗುಣಮಟ್ಟದ ಲಕ್ಷ್ಯ ಅಂದರೆ ಲೇಬರ್ ರೂಮಿನವರು ತಕ್ಷಣ ಮಾತು ಶುರು ಮಾಡುತ್ತಾರೆ. ಯಾಕೆಂದರೆ ಆ ಕಾರ್ಯಕ್ರಮಗಳು ವಾರ್ಡಿನ ಒಳಗೆ ಬಂದು ಒಂದು ಟ್ರಾಲಿಯ ಜಾಗ ಬದಲಿಸಿದವು, ಕೈ ತೊಳೆಯುವ ಸಿಂಕು ಹಾಕಿಸಿದವು. ನಿಮ್ಮ ಯೋಜನೆಯ ಯಾವ ಸಾಲು ವಾರ್ಡಿನ ಯಾವ ವಸ್ತುವನ್ನು ಕದಲಿಸುತ್ತದೆ ಅಂತ ಸಾಲುಸಾಲಿಗೂ ಕೇಳಿಕೊಳ್ಳಮ್ಮ.

ಅಂಕಿ ಅಂಶದ ವಿಷಯದಲ್ಲಿ ಒಂದು ಮಾತು. ಆಸ್ಪತ್ರೆಗೆ ಬರುವ ಹತ್ತು ಜನರಲ್ಲಿ ಸುಮಾರು ಒಬ್ಬರಿಗೆ ಚಿಕಿತ್ಸೆಯಿಂದಲೇ ಏನಾದರೂ ಹಾನಿ ಆಗುತ್ತದೆ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಪ್ಪಿಸಬಹುದಾದದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಮೆರಿಕದಲ್ಲಿ 1999ರ ಕೊನೆಗೆ ಬಂದ ವರದಿಯೊಂದು, ಅಲ್ಲಿಯ ಆಸ್ಪತ್ರೆಗಳಲ್ಲಿ ವರ್ಷಕ್ಕೆ 44,000ದಿಂದ 98,000 ಜನ ವೈದ್ಯಕೀಯ ತಪ್ಪುಗಳಿಂದ ಸಾಯುತ್ತಾರೆ ಅಂದಾಗ ಆ ದೇಶವೇ ಬೆಚ್ಚಿತು. ಆ ಲೆಕ್ಕ ಎಲ್ಲಿಂದ ಬಂತು ಅನ್ನುವುದನ್ನು ಗಮನಿಸು. ನ್ಯೂಯಾರ್ಕ್ ರಾಜ್ಯದ 51 ಆಸ್ಪತ್ರೆಗಳಲ್ಲಿ 1984ರ ಸುಮಾರು ಮೂವತ್ತು ಸಾವಿರ ಕೇಸ್ ಶೀಟುಗಳನ್ನು ಒಂದೊಂದಾಗಿ ತೆರೆದು ಓದಿದ್ದರು. ಆಮೇಲೆ ಕೊಲರಾಡೊ, ಯೂಟಾಗಳಲ್ಲೂ ಹಾಗೇ ಮಾಡಿದರು. ನಾವು ಅವರ ಸಂಖ್ಯೆಯನ್ನು ತಂದು ನಮ್ಮ ಜನಸಂಖ್ಯೆಗೆ ಗುಣಿಸಿ ಭಾಷಣ ಮಾಡಬಾರದು. ನಮ್ಮ ತಾಲ್ಲೂಕು ಆಸ್ಪತ್ರೆಯ ಕೇಸ್ ಶೀಟನ್ನು ನಮ್ಮವರೇ ಕೂತು ಓದಬೇಕು. ಓದಿದರೆ ಮೊದಲು ಕಾಣುವುದು ಏನು ಗೊತ್ತಾ? ಎಷ್ಟೋ ಹಾಳೆಗಳಲ್ಲಿ ಔಷಧಿ ಕೊಟ್ಟ ಹೊತ್ತೇ ಬರೆದಿರುವುದಿಲ್ಲ. ಹಾನಿಯನ್ನು ಎಣಿಸುವ ಮುಂಚೆ ಬರವಣಿಗೆ ಸರಿಯಾಗಬೇಕು ಅನ್ನುವುದು ಅಲ್ಲೇ ತಿಳಿಯುತ್ತದೆ.

ಈಗ ನನಗೆ ಮುಖ್ಯ ಅನಿಸಿದ್ದಕ್ಕೆ ಬರುತ್ತೇನೆ. ಕೆಸಿಎಲ್ ಆಂಪ್ಯೂಲ್ ನೀನು ನೋಡಿದ್ದೀಯ, ಪೊಟ್ಯಾಸಿಯಂ ಕ್ಲೋರೈಡ್, ಹತ್ತು ಎಂಎಲ್‌ನದು. ಡ್ರಿಪ್ ಬಾಟಲಿಗೆ ಬೆರೆಸಿ ನಿಧಾನವಾಗಿ ಹರಿಸಬೇಕಾದದ್ದು. ಅದನ್ನೇ ಸಿರಿಂಜಿಗೆ ಎಳೆದು ನೇರವಾಗಿ ನರಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಆಂಪ್ಯೂಲೂ ಹತ್ತು ಎಂಎಲ್‌ನದೇ, ಅದೇ ಗಾತ್ರ, ಅದೇ ಆಕಾರ, ಕೆಲವು ಸಲ ಅದೇ ಬಣ್ಣದ ಅಕ್ಷರ. ಎರಡೂ ಒಂದೇ ಟ್ರೇಯಲ್ಲಿ. ರಾತ್ರಿ ಎರಡು ಗಂಟೆ, ಒಬ್ಬಳೇ ಸಿಸ್ಟರ್, ಎರಡು ಹೊಸ ಅಡ್ಮಿಶನ್, ಮಂದ ಬೆಳಕು. ಆ ಹೊತ್ತಿನಲ್ಲಿ ಆಂಟಿಬಯಾಟಿಕ್ ಪುಡಿ ಕರಗಿಸಲು ಅವಳ ಕೈಗೆ ಯಾವುದು ಸಿಗುತ್ತದೆ ಅನ್ನುವುದರ ಮೇಲೆ ಒಂದು ಜೀವ ನಿಂತಿರುತ್ತದೆ.

ಅಂಥ ಅನಾಹುತವಾದರೆ ನಮ್ಮಲ್ಲಿ ನಡೆಯುವುದು ನಿನಗೂ ಗೊತ್ತು. ಸಿಸ್ಟರ್ ಸಸ್ಪೆಂಡ್, ಪತ್ರಿಕೆಯಲ್ಲಿ ಫೋಟೊ, ವಿಚಾರಣಾ ಸಮಿತಿ. ಟ್ರೇ ಮಾತ್ರ ಅಲ್ಲೇ ಇರುತ್ತದೆ. ಮುಂದಿನ ವಾರ ಇನ್ನೊಬ್ಬಳು ಅದೇ ಟ್ರೇಗೆ ಕೈ ಹಾಕುತ್ತಾಳೆ. ಇಂಗ್ಲೆಂಡಿನಲ್ಲಿ 2001ರಲ್ಲಿ ರೋಗಿ ಸುರಕ್ಷತೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಅದು ದೇಶಕ್ಕೆಲ್ಲ ಹೊರಡಿಸಿದ ಮೊಟ್ಟಮೊದಲ ಎಚ್ಚರಿಕೆ, 2002ರಲ್ಲಿ, ಈ ಪೊಟ್ಯಾಸಿಯಂ ಕ್ಲೋರೈಡ್ ಬಗ್ಗೆಯೇ. ಗಾಢವಾದ ಆಂಪ್ಯೂಲುಗಳನ್ನು ಸಾಮಾನ್ಯ ವಾರ್ಡುಗಳಿಂದ ತೆಗೆಯಿರಿ, ಬೇಕಾದ ಕಡೆ ಬೇರೆಯಾಗಿ ಬೀಗದಲ್ಲಿಡಿ, ಆದಷ್ಟು ಮೊದಲೇ ಬೆರೆಸಿದ ಚೀಲಗಳನ್ನೇ ಬಳಸಿ. ಎಲ್ಲರೂ ಜಾಗರೂಕರಾಗಿರಿ ಅಂತ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ, ಆಂಪ್ಯೂಲನ್ನೇ ಎತ್ತಿಸಿದರು. ದೇಶದ ಯೋಜನೆ ಅಂದರೆ ನನಗೆ ಕಣ್ಣಿಗೆ ಬರುವುದು ಇದು.

ನಮ್ಮಲ್ಲಿ ಇದನ್ನು ಮಾಡಿಸುವ ದಾರಿ ಬೇರೆ. ಆರೋಗ್ಯ ಸಂವಿಧಾನದ ಪ್ರಕಾರ ರಾಜ್ಯದ ವಿಷಯ, ಔಷಧಿ ಕೊಳ್ಳುವುದು ರಾಜ್ಯದ ನಿಗಮ. ಕರ್ನಾಟಕದಲ್ಲಿ ಟೆಂಡರ್ ಬದಲಾದ ಹಾಗೆ ಕಂಪನಿ ಬದಲಾಗುತ್ತದೆ, ಕಂಪನಿ ಬದಲಾದ ಹಾಗೆ ಲೇಬಲ್ಲಿನ ಬಣ್ಣ ಬದಲಾಗುತ್ತದೆ. ಹೋದ ವರ್ಷ ಕೆಂಪು ಅಕ್ಷರದಲ್ಲಿ ಬರುತ್ತಿದ್ದದ್ದು ಈ ವರ್ಷ ನೀಲಿಯಲ್ಲಿ. ಕಣ್ಣಿಗೆ ಆದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಹಾಗಾಗಿ ಟೆಂಡರಿನ ಷರತ್ತುಗಳಲ್ಲಿ ಲೇಬಲ್ಲಿನ ಅಕ್ಷರದ ಗಾತ್ರ, ಬಣ್ಣ, ಆಂಪ್ಯೂಲಿನ ಆಕಾರ ಬರುವಂತೆ ಮಾಡು. ಸಭೆಗೆ ಖರೀದಿ ವಿಭಾಗದವರನ್ನು ಕರೆಸು. ಅವರಿಲ್ಲದೆ ಡಾಕ್ಟರುಗಳೇ ಕೂತು ಬರೆದ ಸುರಕ್ಷತಾ ಯೋಜನೆ ಔಷಧಿ ಕಪಾಟಿನ ತನಕ ತಲುಪುವುದಿಲ್ಲ.

ಇಂಥದೆಲ್ಲ ಯೋಜನೆ ಬರೆಯುವವರಿಗೆ ಗೊತ್ತಾಗಬೇಕಾದರೆ ವಾರ್ಡಿನವರು ಬಾಯಿ ಬಿಡಬೇಕು. ಅವರು ಬಿಡುವುದಿಲ್ಲ. ‘ಇನ್ಸಿಡೆಂಟ್ ರಿಪೋರ್ಟ್ ಬರೆಯಿರಿ’ ಅಂದರೆ ನಮ್ಮ ಹುಡುಗಿಯರಿಗೆ ಕೇಳಿಸುವುದು ‘ನಿಮ್ಮ ಮೇಲೆ ನೀವೇ ದೂರು ಬರೆದುಕೊಡಿ’ ಅಂತ. ತಪ್ಪು ಆಗುವುದರಲ್ಲಿತ್ತು, ಹೇಗೋ ತಪ್ಪಿತು ಅಂತ ಬಂದು ಹೇಳಿದ ಸಿಸ್ಟರ್‌ಗೂ ಮೆಮೊ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ಆ ವಾರ್ಡಿನಿಂದ ಮುಂದೆ ಒಂದು ಸುದ್ದಿಯೂ ಹೊರಗೆ ಬರಲಿಲ್ಲ. ರಿಜಿಸ್ಟರು ಖಾಲಿ, ಮೇಲಿನವರಿಗೆ ಸಮಾಧಾನ. ಖಾಲಿ ರಿಜಿಸ್ಟರು ಕಂಡರೆ ಹೆದರಬೇಕಮ್ಮ. ವರದಿ ಜಾಸ್ತಿ ಬಂದ ಆಸ್ಪತ್ರೆಯನ್ನು ಕೆಟ್ಟ ಆಸ್ಪತ್ರೆ ಅಂತ ಎಣಿಸುವ ಒಂದೇ ಒಂದು ಕೋಷ್ಟಕವೂ ನಿಮ್ಮ ಯೋಜನೆಯಲ್ಲಿ ಇರಬಾರದು.

ಡೆನ್ಮಾರ್ಕಿನವರು ಇದಕ್ಕೆ ಕಾನೂನನ್ನೇ ಮಾಡಿದರು. 2004ರ ಜನವರಿಯಿಂದ ಅಲ್ಲಿ ಆಸ್ಪತ್ರೆಯವರು ಹಾನಿಯ ಘಟನೆಗಳನ್ನು ವರದಿ ಮಾಡಲೇಬೇಕು, ಆದರೆ ಆ ವರದಿಯನ್ನು ಹಿಡಿದು ಬರೆದವರ ಮೇಲೆ ಶಿಸ್ತುಕ್ರಮವನ್ನಾಗಲಿ ಮೊಕದ್ದಮೆಯನ್ನಾಗಲಿ ಹೂಡುವಂತಿಲ್ಲ. ಕೆಲವು ವರ್ಷಗಳ ಮೇಲೆ ರೋಗಿಗಳೂ ಮನೆಯವರೂ ವರದಿ ಮಾಡಲು ಅವಕಾಶ ಕೊಟ್ಟರು. ನಮ್ಮಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮು ಇದೆ, ಗ್ರಾಹಕ ಆಯೋಗ ಇದೆ. ಅವು ಇರಲೇಬೇಕು. ಮಗುವನ್ನು ಕಳೆದುಕೊಂಡ ತಾಯಿಗೆ ನ್ಯಾಯದ ಬಾಗಿಲು ಮುಚ್ಚಬಾರದು, ನಡೆದದ್ದನ್ನು ಮರೆಮಾಚದೆ ಅವಳಿಗೆ ಹೇಳಬೇಕು. ಕಲಿಯುವುದಕ್ಕಾಗಿ ಬರೆಸಿದ ಕಾಗದ ಬೇರೆ, ಶಿಕ್ಷೆಗಾಗಿ ನಡೆಯುವ ತನಿಖೆ ಬೇರೆ. ಒಂದರ ಕಡತ ಇನ್ನೊಂದಕ್ಕೆ ಹೋಗಕೂಡದು ಅನ್ನುವ ಗೆರೆಯನ್ನು ಕಾನೂನೇ ಎಳೆಯಬೇಕು. ಸುತ್ತೋಲೆಯಲ್ಲಿ ಬರೆದರೆ ಯಾರೂ ನಂಬುವುದಿಲ್ಲ. ನಿನ್ನ ತಂಡದಲ್ಲಿ ವಕೀಲರು ಇಲ್ಲದಿದ್ದರೆ ಇವತ್ತೇ ಕೇಳು.

ನಮ್ಮ ದೇಶದಲ್ಲಿ ಇದು ಆಗದು ಅನ್ನುವವರಿಗೆ ಕೇರಳ ತೋರಿಸು. ಅಲ್ಲಿಯ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ಬಾಣಂತಿಯರ ಸಾವುಗಳ ಗುಟ್ಟಿನ ಪರಿಶೀಲನೆ ನಡೆಸಿತು. ತಾಯಿಯ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಏನಾಯಿತು, ಎಲ್ಲಿ ತಡವಾಯಿತು, ಅಷ್ಟೇ. ಹೆರಿಗೆಯ ನಂತರದ ರಕ್ತಸ್ರಾವ ಎಷ್ಟು ಜೀವ ತೆಗೆಯುತ್ತಿದೆ ಅನ್ನುವುದು ಅದರಿಂದ ಸ್ಪಷ್ಟವಾಗಿ, ಅದಕ್ಕೆ ಸರಿಯಾಗಿ ತರಬೇತಿ ಬಂತು. ತಾಯಿಮರಣ ಪರಿಶೀಲನೆ ಕೇಂದ್ರದ ಮಾರ್ಗಸೂಚಿಯ ಪ್ರಕಾರ ಎಲ್ಲ ರಾಜ್ಯಗಳಲ್ಲೂ ನಡೆಯಬೇಕು, ಹೆಸರು ಹಿಡಿದು ದೂಷಿಸಬಾರದು ಅಂತಲೂ ಇದೆ. ನಾನು ಕೂತ ಅಂಥ ಸಭೆಗಳಲ್ಲಿ ಏರುದನಿಯ ಪ್ರಶ್ನೆಗಳೇ ಹೆಚ್ಚು. ಆಶಾ ಕಾರ್ಯಕರ್ತೆ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿರುತ್ತಿದ್ದಳು. ಆ ಹೆಣ್ಣುಮಗಳಿಗೆ ಒಂದು ಕುರ್ಚಿ ಕೊಟ್ಟು ಕೂರಿಸಿ ಕೇಳಿದ್ದರೆ ಅರ್ಧ ಉತ್ತರ ಅವಳಲ್ಲೇ ಇತ್ತು.

ಚೆಕ್‌ಲಿಸ್ಟ್ ಬಗ್ಗೆ ನಿಮ್ಮ ಸಭೆಗಳಲ್ಲಿ ತುಂಬ ಮಾತು ಬರುತ್ತದೆ. ಸರ್ಜರಿಯಲ್ಲಿ ಅರಿವಳಿಕೆ ಕೊಡುವ ಮುಂಚೆ, ಚರ್ಮ ಕೊಯ್ಯುವ ಮುಂಚೆ, ರೋಗಿ ಥಿಯೇಟರ್ ಬಿಡುವ ಮುಂಚೆ ಎಲ್ಲರೂ ನಿಂತು ಓದಿ ಖಾತ್ರಿ ಮಾಡಿಕೊಳ್ಳುವ ಪಟ್ಟಿಯನ್ನು ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದಿತು. ದೆಹಲಿಯೂ ಸೇರಿ ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ನೋಡಿದಾಗ ಸಾವು ನೂರಕ್ಕೆ 1.5 ಇದ್ದದ್ದು 0.8ಕ್ಕೆ ಇಳಿಯಿತು. ಕೆನಡಾದ ಒಂಟಾರಿಯೊದಲ್ಲಿ ಅದನ್ನು ಎಷ್ಟು ಪಾಲಿಸಿದಿರಿ ಅಂತ ಆಸ್ಪತ್ರೆಗಳು ಬಹಿರಂಗವಾಗಿ ತಿಳಿಸುವುದನ್ನು ಸರ್ಕಾರ ಕಡ್ಡಾಯ ಮಾಡಿತು; ನೂರೊಂದು ಆಸ್ಪತ್ರೆಗಳ ಲೆಕ್ಕ ತೆಗೆದರೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ನಮ್ಮ ಕರ್ನಾಟಕದ ಒಂದು ಹೆರಿಗೆ ಕೇಂದ್ರದಲ್ಲಿ 2010ರಲ್ಲಿ ಸುರಕ್ಷಿತ ಹೆರಿಗೆಯ ಪಟ್ಟಿಯನ್ನು ಮೊದಲು ಪ್ರಯೋಗ ಮಾಡಿದಾಗ, ಮಾಡಲೇಬೇಕಾದ 29 ಕೆಲಸಗಳಲ್ಲಿ ಸರಾಸರಿ 10 ನಡೆಯುತ್ತಿದ್ದದ್ದು 25ಕ್ಕೆ ಏರಿತು. ಅದೇ ಧೈರ್ಯದಲ್ಲಿ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ದೊಡ್ಡ ಅಧ್ಯಯನ ಮಾಡಿದರು. ಪಕ್ಕದಲ್ಲಿ ನಿಂತು ಕಲಿಸುವವರು ಇರುವಾಗ ಕೆಲಸ ಸುಧಾರಿಸಿತು, ಅವರು ಬರುವುದು ಕಡಿಮೆಯಾದ ಹಾಗೆ ಒಂದಷ್ಟು ಜಾರಿತು, ತಾಯಿ ಮಗುವಿನ ಸಾವು ಮಾತ್ರ ಇಳಿಯಲಿಲ್ಲ. 2017ರಲ್ಲಿ ಅದನ್ನು ಮುಚ್ಚಿಡದೆ ಪ್ರಕಟಿಸಿದರು, ಅವರಿಗೆ ನನ್ನ ಗೌರವ.

ಇದನ್ನು ಓದಿ ಕೈಚೆಲ್ಲಬೇಡ, ಪಟ್ಟಿಯೊಂದೇ ಸಾಲದು ಅಷ್ಟೇ. ಪಟ್ಟಿಯಲ್ಲಿ ‘ರಕ್ತ ಲಭ್ಯ ಇದೆಯೇ’ ಅಂತ ಕೇಳಬಹುದು, ರಕ್ತನಿಧಿ ಎಪ್ಪತ್ತು ಕಿಲೋಮೀಟರ್ ದೂರ ಇದ್ದರೆ ಟಿಕ್ ಹಾಕಿ ಏನು ಬಂತು? ಸಾಮಾನ್ಯ ಆಸ್ಪತ್ರೆಯಲ್ಲಿ ಐದು ರೋಗಿಗಳಿಗೆ ಒಬ್ಬ ನರ್ಸ್ ಅನ್ನುವುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ರಾತ್ರಿ ಪಾಳಿಯಲ್ಲಿ ಹೋಗಿ ಎಣಿಸು. ಜನ ಕೊಡದೆ ಕಾಗದ ಮಾತ್ರ ಕೊಟ್ಟರೆ ಆ ಕಾಗದ ತುಂಬುವ ಹೊತ್ತನ್ನೂ ರೋಗಿಯಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. ನರ್ಸುಗಳ ಖಾಲಿ ಹುದ್ದೆಯನ್ನು ಸುರಕ್ಷತಾ ಸೂಚ್ಯಂಕ ಅಂತಲೇ ಯೋಜನೆಯಲ್ಲಿ ಬರೆಯಿರಿ, ಅದು ನೇಮಕಾತಿಯವರ ತಲೆನೋವು ಅಂತ ಪಕ್ಕಕ್ಕೆ ತಳ್ಳಬೇಡಿ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ನಿನಗೆ ನೆನಪಿರಬೇಕು. ಡ್ರಿಪ್‌ಗೆ ಹಾಕಿದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಹೋಯಿತು. ಆ ಸುದ್ದಿ ಓದಿ ನಾನು ಎಷ್ಟೋ ದಿನ ಸರಿಯಾಗಿ ನಿದ್ದೆ ಮಾಡಲಿಲ್ಲ. ಹಸಿ ಬಾಣಂತಿಯರು, ತೊಟ್ಟಿಲಲ್ಲಿ ಮಕ್ಕಳು. ಇಂಥ ಅನುಮಾನ ಬಂದರೆ ಎಲ್ಲಿ ಹೇಳುವುದು? ದೇಶದಲ್ಲಿ ಔಷಧಿಯ ಅಡ್ಡಪರಿಣಾಮ ತಿಳಿಸಲು 2010ರಿಂದ ಒಂದು ವ್ಯವಸ್ಥೆ ಇದೆ, ಘಾಜಿಯಾಬಾದಿನಿಂದ ನಡೆಯುತ್ತದೆ. ರಕ್ತ ಕೊಟ್ಟಾಗ ಆಗುವ ತೊಂದರೆಗೆ 2012ರಿಂದ ಇನ್ನೊಂದು, ಅದು ನೋಯ್ಡಾದಲ್ಲಿ. ವೈದ್ಯಕೀಯ ಉಪಕರಣಗಳಿಗೆ 2015ರಿಂದ ಮತ್ತೊಂದು. ಮೂರಕ್ಕೂ ಬೇರೆಬೇರೆ ಫಾರಂ. ಬಾಣಂತಿಗೆ ಇದ್ದಕ್ಕಿದ್ದಂತೆ ಮೂತ್ರ ನಿಂತು ಉಸಿರು ಕಟ್ಟಿದಾಗ ಅದು ಔಷಧಿಯದೋ ರಕ್ತದ್ದೋ ಸೂಜಿಯದೋ ಅಂತ ಸಿಸ್ಟರ್ ಹೇಗೆ ಹೇಳಬೇಕು? ಅವಳಿಗೆ ಒಂದೇ ಬಾಗಿಲು ಕೊಡಿ, ಒಂದೇ ನಂಬರು, ಕನ್ನಡದಲ್ಲಿ ಮಾತಾಡಿದರೂ ಬರೆದುಕೊಳ್ಳುವವರು. ವಿಂಗಡಣೆ ಒಳಗಿನವರ ಕೆಲಸ.

ಅಳೆಯುವುದಾದರೆ ಇದನ್ನು ಅಳೆಯಿರಿ: ಒಂದು ಬ್ಯಾಚಿನ ಬಗ್ಗೆ ಯಾವುದೋ ವಾರ್ಡಿನಲ್ಲಿ ಮೊದಲ ಅನುಮಾನ ಬಂದ ಗಳಿಗೆಯಿಂದ, ರಾಜ್ಯದ ಕೊನೆಯ ಪ್ರಾಥಮಿಕ ಆರೋಗ್ಯ ಕೇಂದ್ರದ ಕಪಾಟಿನಿಂದ ಆ ಬ್ಯಾಚು ಕೆಳಗಿಳಿಯುವ ತನಕ ಎಷ್ಟು ಗಂಟೆ ಹಿಡಿಯಿತು? ಎಷ್ಟು ಕಾರ್ಯಾಗಾರ ನಡೆಸಿದಿರಿ ಅನ್ನುವ ಲೆಕ್ಕಕ್ಕಿಂತ ಆ ಗಂಟೆಗಳ ಲೆಕ್ಕ ಹೆಚ್ಚು ಜೀವ ಉಳಿಸುತ್ತದೆ. ಮತ್ತೆ, ವರದಿ ಮಾಡಿದ ಸಿಸ್ಟರ್‌ಗೆ ಉತ್ತರ ಹೋಗಬೇಕು. ‘ನೀವು ತಿಳಿಸಿದಿರಿ, ನಾವು ಹೀಗೆ ಮಾಡಿದೆವು’ ಅಂತ ಎರಡು ಸಾಲು ಸಾಕು. ಒಂದು ಸಲ ಉತ್ತರ ಬಂದರೆ ಮುಂದಿನ ಸಲ ಅವಳು ತಾನಾಗಿ ಹೇಳುತ್ತಾಳೆ.

ಖಾಸಗಿ ನರ್ಸಿಂಗ್ ಹೋಮುಗಳನ್ನು ಬಿಟ್ಟು ಬರೆಯಬೇಡಿ, ನಮ್ಮ ಜನ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಹೋಗುತ್ತಾರೆ. ರೋಗಿಯನ್ನು ಬೆಡ್ ನಂಬರಿನಿಂದ ಕರೆಯುವ ಚಾಳಿ ನಿಲ್ಲಲಿ. ಒಂದು ವಾರ್ಡಿನಲ್ಲಿ ಮೂವರು ಲಕ್ಷ್ಮಮ್ಮ ಇರುವ ಊರು ನಮ್ಮದು, ಕೈಗೆ ಹೆಸರಿನ ಪಟ್ಟಿ ಕಟ್ಟಲಿ, ತಂದೆ ಅಥವಾ ಗಂಡನ ಹೆಸರೂ ಕೇಳಲಿ. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರೆ ನುಂಗುವ ವಿವರ ಮನೆಯವರು ಓದುವ ಭಾಷೆಯಲ್ಲಿರಲಿ. ರೋಗಿಯ ಪಕ್ಕ ಹಗಲು ರಾತ್ರಿ ಕೂರುವ ಅವರನ್ನು ಗುಂಪು ಅಂತ ಹೊರಗೆ ಅಟ್ಟುತ್ತೇವೆ. ಡ್ರಿಪ್ ಹಾಕಿದ ಕೈ ಊದಿದ್ದನ್ನು ಮೊದಲು ನೋಡುವವರು ಅವರೇ.

ಇಷ್ಟೆಲ್ಲ ಒಂದೇ ವರ್ಷಕ್ಕೆ ಬೇಡ. ಹತ್ತು ಗುರಿ ಇಟ್ಟು ಹತ್ತನ್ನೂ ಅರ್ಧಕ್ಕೆ ಬಿಡುವ ಬದಲು ಮೊದಲ ಎರಡು ವರ್ಷ ಕೆಸಿಎಲ್ ಮತ್ತು ಹೇಳಿದವರ ರಕ್ಷಣೆ, ಇವೆರಡನ್ನೇ ದೇಶದ ತುಂಬ ಪೂರ್ತಿ ಮಾಡಿ ತೋರಿಸಿ ಅಂತ ನಾನಾಗಿದ್ದರೆ ಹಟ ಹಿಡಿಯುತ್ತಿದ್ದೆ. ನೀನೂ ಹಿಡಿ.

ಕರಡು ಸಿದ್ಧವಾದ ಮೇಲೆ, ಹೊರಗಿನವರಿಗೆ ತೋರಿಸಬಹುದಾದಾಗ, ವಾರ್ಡಿಗೆ ಸಂಬಂಧಿಸಿದ್ದನ್ನು ಎರಡೇ ಪುಟದಲ್ಲಿ ಕನ್ನಡದಲ್ಲಿ ಬರೆದು ನನಗೆ ಕಳಿಸು. ನನ್ನ ಕೈಕೆಳಗೆ ಕಲಿತ ಹುಡುಗಿಯರು ಈಗ ಬೇರೆಬೇರೆ ತಾಲ್ಲೂಕುಗಳಲ್ಲಿ ಇನ್‌ಚಾರ್ಜ್ ಸಿಸ್ಟರ್‌ಗಳಾಗಿದ್ದಾರೆ. ಅವರ ಮುಂದೆ ಓದುತ್ತೇನೆ. ಎಲ್ಲಿ ಆಗುತ್ತದೆ, ಎಲ್ಲಿ ಆಗುವುದಿಲ್ಲ, ಯಾಕೆ ಅಂತ ಅವರು ಹೇಳಿದ್ದನ್ನು ಹೆಸರಿಲ್ಲದೆ ಬರೆದು ವಾಪಸ್ ಕಳಿಸುತ್ತೇನೆ. ಅದನ್ನು ನಿಮ್ಮ ಸಭೆಯಲ್ಲಿ ಮೇಜಿನ ಮೇಲಿಡು.