ತಿಳಿನೀರಿನಲ್ಲಿ ಶಿಲೀಂಧ್ರಗಳು

ಸಹ್ಯಾದ್ರಿಯ ಅಂಬೋಲಿಯಲ್ಲಿ ಹುಟ್ಟಿದ ಹಿರಣ್ಯಕೇಶಿ ನದಿಯು ಆಜರೆ, ಗಡಹಿಂಗ್ಲಜಗಳ ಮಾರ್ಗವಾಗಿ ಸಂಕೇಶ್ವರವನ್ನು ಹಾಯ್ದು ಮುಂದೆ ಘಟಪ್ರಭೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ಅದರ ನೀರು ಕೆಂಪಾಗಿರುವುದು. ಆ ನೀರನ್ನು ಕೊಡದಲ್ಲಿ ತುಂಬಿಟ್ಟರೆ ಮಣ್ಣಿನ ಬಹುಭಾಗವು ತಳಕ್ಕಿಳಿದು ಮೇಲಿನ ನೀರು ತಿಳಿಯಾಗುತ್ತದೆ. ಆದರೆ ತಿಳಿಯಾದ ನೀರೆಲ್ಲ ಶುದ್ಧವಾದ ನೀರೆಂದು ಹೇಳಬಹುದೇ? ಕಣ್ಣಿಗೆ ಕಾಣದೆ ನೀರಿನಲ್ಲಿ ಉಳಿಯುವ ಶಿಲೀಂಧ್ರಗಳ ದೃಷ್ಟಿಯಿಂದ ಈ ಪ್ರಶ್ನೆಯನ್ನು ಇಲ್ಲಿ ವಿವೇಚಿಸೋಣ.

ಹಳಸಿದ ರೊಟ್ಟಿಯ ಮೇಲೆ ಹಬ್ಬುವ ಬೂಷ್ಟು, ಹಿಟ್ಟನ್ನು ಹುದುಗೆಬ್ಬಿಸುವ ಯೀಸ್ಟು, ತಿಪ್ಪೆಯ ಮೇಲೆ ಏಳುವ ಅಣಬೆ, ಇವೆಲ್ಲವೂ ಶಿಲೀಂಧ್ರಗಳೇ. ಇವುಗಳಲ್ಲಿ ಸಸ್ಯಗಳಿಗಿರುವ ಹಸಿರು ದ್ರವ್ಯವಿಲ್ಲ. ಆದುದರಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಳ್ಳಲಾರದೆ ಇವು ಇತರ ಜೈವಿಕ ಪದಾರ್ಥಗಳನ್ನು ಆಶ್ರಯಿಸುತ್ತವೆ. ಇವುಗಳ ವಂಶವು ಬೀಜಕಗಳೆಂಬ ಸೂಕ್ಷ್ಮ ಕಣಗಳಿಂದ ಬೆಳೆಯುತ್ತದೆ. ಮಣ್ಣು ಮತ್ತು ಕೊಳೆತ ಎಲೆಗಳಲ್ಲಿರುವ ಬೀಜಕಗಳನ್ನು ಮಳೆಯು ತೊಳೆದು ನದಿಗೆ ಸೇರಿಸುತ್ತದೆ. ಆಸ್ಪರ್ಜಿಲಸ್, ಪೆನಿಸಿಲಿಯಮ್, ಫ್ಯುಸೇರಿಯಮ್ ಮುಂತಾದ ಜಾತಿಗಳು ಅನೇಕ ದೇಶಗಳ ನಲ್ಲಿ ನೀರಿನಲ್ಲಿಯೂ ಕಂಡುಬಂದಿವೆ.

ಇವು ಕೊಡದ ತಳಕ್ಕೆ ಏಕೆ ಇಳಿಯುವುದಿಲ್ಲ? ದ್ರವದಲ್ಲಿ ಇಳಿಯುವ ಸಣ್ಣ ಗೋಲದ ವೇಗವು ಅದರ ತ್ರಿಜ್ಯದ ವರ್ಗಕ್ಕೆ ಅನುಪಾತದಲ್ಲಿರುವುದೆಂದು ಸ್ಟೋಕ್ಸ್ ಎಂಬ ವಿಜ್ಞಾನಿಯ ನಿಯಮವು ಹೇಳುತ್ತದೆ. ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಗಾತ್ರದ ಮರಳಿನ ಕಣವು 30 ಸೆಂಟಿಮೀಟರ್ ಆಳದ ನೀರನ್ನು ಒಂದು ನಿಮಿಷದೊಳಗೆ ಇಳಿಯುತ್ತದೆ. ಆಸ್ಪರ್ಜಿಲಸ್ ಫ್ಯುಮಿಗೇಟಸ್ ಎಂಬ ಜಾತಿಯ ಬೀಜಕದ ವ್ಯಾಸವಾದರೋ ಸುಮಾರು 3 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದ ಮೂರು ಭಾಗ. ಅದು ನೀರಿಗಿಂತ ನೂರಕ್ಕೆ ಹತ್ತರಷ್ಟು ಸಾಂದ್ರವಾಗಿದೆಯೆಂದು ಭಾವಿಸಿ ಲೆಕ್ಕ ಹಾಕಿದರೆ ಗಂಟೆಗೆ 2 ಮಿಲಿಮೀಟರ್ ವೇಗವು ದೊರೆಯುತ್ತದೆ. ಅದೇ ಆಳವನ್ನು ಇಳಿಯಲು ಆರು ದಿನಗಳಾದರೂ ಬೇಕು! ಬಟ್ಟೆಯಿಂದ ಸೋಸಿದರೂ ಫಲವಿಲ್ಲ. ಹಲವು ಮಡಿಕೆ ಮಾಡಿದ ಸೀರೆಯ ಬಟ್ಟೆಯ ರಂಧ್ರಗಳೂ 20 ಮೈಕ್ರಾನ್‌ಗಳಷ್ಟು ಇರುತ್ತವೆ.

ಇನ್ನು ಕ್ಲೋರಿನ್ನಿನ ಮಾತು. ಅದು ಕರುಳಿನ ರೋಗಗಳನ್ನುಂಟುಮಾಡುವ ಬ್ಯಾಕ್ಟೀರಿಯಗಳನ್ನು ಬೇಗನೆ ಕೊಲ್ಲುತ್ತದೆ. ಬೀಜಕಗಳ ಹೊದಿಕೆಯು ದಪ್ಪವಾಗಿರುವುದರಿಂದ ಅವು ಹೆಚ್ಚು ಕಾಲ ತಾಳಿಕೊಳ್ಳಬಲ್ಲವು. ಕೊಳವೆಗಳ ಒಳಮೈಯಲ್ಲಿ ಕಟ್ಟುವ ಲೋಳೆಯ ಪದರವು ಅವುಗಳಿಗೆ ಆಶ್ರಯವನ್ನೂ ಆಹಾರವನ್ನೂ ಒದಗಿಸುತ್ತದೆ. ನೀರಿನ ಪರೀಕ್ಷೆಯಲ್ಲಿ ಮುಖ್ಯವಾಗಿ ಹುಡುಕುವ ಈ. ಕೋಲೈ ಎಂಬ ಬ್ಯಾಕ್ಟೀರಿಯವು ಮಲದ ಸಂಪರ್ಕವನ್ನು ಸೂಚಿಸತಕ್ಕದ್ದು. ಅದು ಇಲ್ಲವೆಂದ ಮಾತ್ರಕ್ಕೆ ಶಿಲೀಂಧ್ರಗಳೂ ಇಲ್ಲವೆಂದು ಹೇಳುವಂತಿಲ್ಲ.

ಹಾಗಾದರೆ ನಾವು ಭಯಪಡಬೇಕೇ? ಆರೋಗ್ಯವಂತರು ಈ ಬೀಜಕಗಳನ್ನು ನೀರಿನೊಡನೆ ಕುಡಿದರೆ ಸಾಮಾನ್ಯವಾಗಿ ಯಾವ ರೋಗವೂ ಬರುವುದಿಲ್ಲ. ಬೂಷ್ಟು ಹಿಡಿದ ಶೇಂಗಾ ಅಥವಾ ಮೆಣಸಿನಕಾಯಿಯಲ್ಲಿರಬಹುದಾದ ಅಫ್ಲಟಾಕ್ಸಿನ್ ಎಂಬ ವಿಷದ ಅಪಾಯವು ನೀರಿನ ಅಪಾಯಕ್ಕಿಂತ ಬಹಳ ದೊಡ್ಡದು. ಸಂಕೇಶ್ವರಿ ಮೆಣಸಿನಕಾಯಿಯನ್ನು ಚೆನ್ನಾಗಿ ಒಣಗಿಸಿ ಇಡುವುದರಲ್ಲಿ ಆರೋಗ್ಯದ ವಿಚಾರವೂ ಇದೆಯೆಂಬುದನ್ನು ಮರೆಯಬಾರದು.

ನೀರಿನ ಶಿಲೀಂಧ್ರಗಳಿಂದ ನಿಜವಾದ ಅಪಾಯವಿರುವುದು ರೋಗನಿರೋಧಕ ಶಕ್ತಿಯು ಕುಂದಿದವರಿಗೆ: ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುವವರಿಗೆ, ಅಂಗಾಂಗ ಕಸಿಮಾಡಿಸಿಕೊಂಡವರಿಗೆ. ಅವರ ವಿಷಯದಲ್ಲಿಯೂ ಹೊಟ್ಟೆಗಿಂತ ಶ್ವಾಸಕೋಶವೇ ಮುಖ್ಯ ದ್ವಾರ. ಸ್ನಾನದ ನೀರು ಸಿಡಿದಾಗ ಸಣ್ಣ ಹನಿಗಳು ಆರಿ ಬೀಜಕಗಳು ಗಾಳಿಯಲ್ಲಿ ಉಳಿಯುತ್ತವೆ. ಸ್ಟೋಕ್ಸನ ನಿಯಮವನ್ನೇ ಗಾಳಿಗೆ ಅನ್ವಯಿಸಿದರೆ, ಅಂತಹ ಬೀಜಕವು ಒಂದೂವರೆ ಮೀಟರ್ ಎತ್ತರದಿಂದ ನೆಲಕ್ಕಿಳಿಯಲು ಒಂದು ಗಂಟೆಗಿಂತ ಹೆಚ್ಚು ಕಾಲ ಬೇಕಾಗುತ್ತದೆ. ಅಮೆರಿಕದ ಆಸ್ಪತ್ರೆಯೊಂದರಲ್ಲಿ ಮೂರು ವರ್ಷ ನಡೆದು 2002ರಲ್ಲಿ ಪ್ರಕಟವಾದ ಅಧ್ಯಯನವು ಇದಕ್ಕೆ ಪುಷ್ಟಿಕೊಡುತ್ತದೆ. ಅಲ್ಲಿನ ನೀರಿನ ವ್ಯವಸ್ಥೆಯಲ್ಲಿ ಆಸ್ಪರ್ಜಿಲಸ್ ದೊರೆಯಿತು. ರೋಗಿಗಳ ಕೊಠಡಿಗಳಿಗಿಂತ ಸ್ನಾನಗೃಹಗಳ ಗಾಳಿಯಲ್ಲಿ ಅದು ಹೆಚ್ಚಾಗಿತ್ತು. ಸ್ನಾನಗೃಹದ ನೆಲವನ್ನು ಶುಚಿಗೊಳಿಸಿದಾಗ ಗಾಳಿಯಲ್ಲಿನ ಬೂಷ್ಟು ಕಡಿಮೆಯಾಯಿತೆಂಬುದೂ ತಿಳಿದುಬಂದಿತು.

2021ರಲ್ಲಿ ಕರ್ನಾಟಕದಲ್ಲಿ ಕೋವಿಡ್ ರೋಗಿಗಳನ್ನು ಪೀಡಿಸಿದ ಕಪ್ಪು ಶಿಲೀಂಧ್ರ ರೋಗವು ಕುಡಿಯುವ ನೀರಿನಿಂದ ಹಬ್ಬಿದುದಲ್ಲ. ಅದರ ಬೀಜಕಗಳು ಮುಖ್ಯವಾಗಿ ಉಸಿರಿನ ಮೂಲಕ ದೇಹವನ್ನು ಸೇರುತ್ತವೆ. ಆದರೆ ಮಧುಮೇಹ ಮತ್ತು ಸ್ಟೀರಾಯ್ಡ್ ಔಷಧಗಳಿಂದ ದೇಹದ ರಕ್ಷಣೆಯು ಕುಗ್ಗಿದಾಗ, ನಿತ್ಯವೂ ನಮ್ಮ ಸುತ್ತ ಇರುವ ಶಿಲೀಂಧ್ರವೇ ಮಾರಕವಾಗಬಲ್ಲದೆಂಬುದನ್ನು ಅದು ತೋರಿಸಿಕೊಟ್ಟಿತು.

ಆದುದರಿಂದ ಮನೆಯ ತೊಟ್ಟಿಗಳನ್ನು ಮುಚ್ಚಿಡಬೇಕು; ಆಗಾಗ ಬರಿದುಮಾಡಿ ಗೋಡೆಯ ಲೋಳೆಯನ್ನು ಉಜ್ಜಿ ತೊಳೆಯಬೇಕು. ಮನೆಯಲ್ಲಿ ಇಂತಹ ರೋಗಿಗಳಿದ್ದರೆ ಅವರಿಗೆ ಕುದಿಸಿ ಆರಿಸಿದ ನೀರನ್ನು ಕೊಡುವುದು ಲೇಸು. ಸ್ನಾನದ ವಿಷಯದಲ್ಲಿ ವೈದ್ಯರ ಸಲಹೆ ಕೇಳಬೇಕು. ನೀರು ತಿಳಿಯಾಗಿರುವುದು ಶುದ್ಧಿಗೆ ಸಾಕ್ಷಿಯಲ್ಲ; ಅದರಲ್ಲಿ ಬೀಜಕವಿರುವುದು ರೋಗಕ್ಕೆ ಸಾಕ್ಷಿಯೂ ಅಲ್ಲ. ಅದನ್ನು ಯಾರು, ಯಾವ ಸ್ಥಿತಿಯಲ್ಲಿ ಬಳಸುತ್ತಾರೆಂಬುದರ ಮೇಲೆ ಅಪಾಯವು ನಿರ್ಧಾರವಾಗುತ್ತದೆ.