ದುಡಿಮೆಗೆ ಮುನ್ನ ಹೊಟ್ಟೆಗೆ ಏನು ಬೇಕು?

ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿಯತೊಡಗಿತೆಂದರೆ ಹೊಸಪೇಟೆ, ಹಂಪಿ ಹಾಗೂ ಕಂಪ್ಲಿಯ ಗದ್ದೆಗಳಲ್ಲಿ ನಾಟಿಯ ಕೆಲಸ ಮೊದಲಾಗುತ್ತದೆ. ಅತ್ತ ಸಂಡೂರಿನ ಗುಡ್ಡಗಳಲ್ಲಿ ಅದಿರಿನ ಕೆಲಸಕ್ಕೆ ಹೋಗುವವರು ಬೆಳಕು ಹರಿಯುವ ಮುನ್ನವೇ ಮನೆ ಬಿಡುತ್ತಾರೆ. ಕಬ್ಬು ಕಡಿಯುವವರು, ಬಾಳೆಗೊನೆ ಹೊರುವವರು, ಹರಿಗೋಲು ನಡೆಸುವವರು, ಗರಡಿಯಲ್ಲಿ ಸಾಮು ಮಾಡುವ ತರುಣರು, ಇವರೆಲ್ಲರೂ ಮೈಮುರಿದು ದುಡಿಯುವವರೇ. ಇಂತಹವರಲ್ಲಿ ಅನೇಕರು “ನನ್ನ ಹೊಟ್ಟೆ ಸೂಕ್ಷ್ಮ, ಬೆಳಗ್ಗೆ ಏನು ತಿಂದರೂ ಆಗುವುದಿಲ್ಲ” ಎನ್ನುವುದುಂಟು. ದುಡಿಮೆಗೆ ಮುನ್ನ ಏನನ್ನು, ಎಷ್ಟು, ಯಾವಾಗ ತಿನ್ನಬೇಕೆಂಬುದನ್ನು ಪತಿಪತ್ನಿಯರಿಬ್ಬರೂ ಕೂಡಿ ತಿಳಿಯುವುದೇ ಈ ಪಾಠದ ಉದ್ದೇಶ.

ಒಂದು ಮನೆಯ ಚಿತ್ರ

ಕಾಲುವೆ ಸೀಮೆಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಪತ್ನಿಯು ನಸುಕಿನಲ್ಲೆದ್ದು ನೀರು ತಂದು, ರೊಟ್ಟಿ ಬಡಿದು, ಬುತ್ತಿ ಕಟ್ಟಿ, ತಾನು ಮಾತ್ರ ಒಂದು ಲೋಟ ಚಹಾ ಕುಡಿದು ನಾಟಿಗೆ ಹೊರಡುತ್ತಾಳೆ. ಪತಿಯು ದಾರಿಯ ಅಂಗಡಿಯಲ್ಲಿ ಮಂಡಕ್ಕಿ ಒಗ್ಗರಣೆ, ನಾಲ್ಕು ಮಿರ್ಚಿ ತಿಂದು ಕೂಡಲೇ ಕೆಲಸಕ್ಕಿಳಿಯುತ್ತಾನೆ. ಹತ್ತು ಗಂಟೆಯ ಹೊತ್ತಿಗೆ ಆಕೆಗೆ ತಲೆಸುತ್ತು, ಎದೆಯುರಿ. ಆತನಿಗೆ ಹುಳಿತೇಗು, ಹೊಟ್ಟೆನುಲಿತ. ಒಬ್ಬರ ಹೊಟ್ಟೆ ಬರಿದು, ಮತ್ತೊಬ್ಬರ ಹೊಟ್ಟೆ ಭಾರ. ಇಬ್ಬರೂ ಇದನ್ನು “ಗ್ಯಾಸ್ಟ್ರಿಕ್” ಎಂದು ಕರೆದು ಒಂದೇ ಮಾತ್ರೆಯನ್ನು ಹಂಚಿಕೊಳ್ಳುತ್ತಾರೆ. ಇದು ಸರಿಯೇ?

ಹೀಗೇಕಾಗುತ್ತದೆ?

ಊಟವಾದೊಡನೆ ಆಹಾರವನ್ನು ಜೀರ್ಣಿಸಲು ಜಠರಕ್ಕೂ ಕರುಳಿಗೂ ಹೆಚ್ಚು ರಕ್ತ ಬೇಕು. ಮೈಮುರಿದು ದುಡಿಯುವಾಗ ಅದೇ ರಕ್ತವು ತೋಳು-ಕಾಲುಗಳ ಸ್ನಾಯುಗಳತ್ತ ಹರಿಯುತ್ತದೆ. ಬಿಸಿಲಿದ್ದರೆ ಮೈ ತಂಪಾಗಿಸಲು ಚರ್ಮದತ್ತಲೂ ಹರಿಯುತ್ತದೆ. ಆಗ ಜೀರ್ಣಕ್ರಿಯೆ ನಿಧಾನವಾಗಿ ಆಹಾರವು ಜಠರದಲ್ಲೇ ನಿಲ್ಲುತ್ತದೆ. ಎಣ್ಣೆಯಲ್ಲಿ ಕರಿದ ತಿನಿಸು ಎಲ್ಲಕ್ಕಿಂತ ನಿಧಾನವಾಗಿ ಮುಂದೆ ಸಾಗುತ್ತದೆ. ನಾಟಿ ಮಾಡುವಾಗ ಸೊಂಟ ಬಾಗಿಸಿ ನಿಲ್ಲುವುದರಿಂದ ಜಠರದ ಆಮ್ಲವು ಅನ್ನನಾಳಕ್ಕೆ ಮೇಲೇರಿ ಎದೆಯುರಿ ಹುಟ್ಟುತ್ತದೆ.

ಹಾಗೆಂದು ಉಪವಾಸವೂ ಸಲ್ಲದು. ರಾತ್ರಿಯ ಊಟದಿಂದ ಬೆಳಗಿನವರೆಗೆ ಹತ್ತು ಗಂಟೆಗಳ ಅಂತರವಿರುತ್ತದೆ. ಬರಿಹೊಟ್ಟೆಗೆ ಕಡುಚಹಾ ಬಿದ್ದರೆ ಸೂಕ್ಷ್ಮ ಹೊಟ್ಟೆಯವರಿಗೆ ಉರಿ ಹೆಚ್ಚುತ್ತದೆ. ದುಡಿಯುವ ಶಕ್ತಿಯೂ ದೊರೆಯದು.

ಎಷ್ಟು ಹೊತ್ತು ಮುಂಚೆ, ಏನು?

1. ಪೂರ್ಣ ಊಟ ಮಾಡುವುದಾದರೆ ಕಠಿಣ ಕೆಲಸಕ್ಕೆ ಸುಮಾರು 3 ಗಂಟೆ ಮುಂಚೆ ಮಾಡತಕ್ಕದ್ದು.

2. ಲಘು ಉಪಾಹಾರವಾದರೆ 1ರಿಂದ 2 ಗಂಟೆ ಮುಂಚೆ ಸಾಕು. ಜೋಳದ ನುಚ್ಚು ಮತ್ತು ಮಜ್ಜಿಗೆ, ತೆಳುವಾದ ಅಂಬಲಿ, ಮೊಸರನ್ನ, ಮೊಸರವಲಕ್ಕಿ, ಎರಡು ಮೂರು ಇಡ್ಲಿ, ಇವುಗಳಲ್ಲಿ ಯಾವುದಾದರೂ ಒಂದು ಆಗಬಹುದು. ಖಾರವನ್ನು ಮಿತಗೊಳಿಸಿ.

3. ಸಮಯವೇ ಇಲ್ಲವಾದರೆ ಅರ್ಧ ಗಂಟೆ ಮುಂಚೆ ಒಂದು ಬಾಳೆಹಣ್ಣು ತಿನ್ನಿ. ಕಾಲುವೆಯ ನೀರಿನಿಂದ ನಮ್ಮ ಸೀಮೆಯಲ್ಲೇ ಬೆಳೆಯುವ ಈ ಹಣ್ಣು ಬೇಗ ಶಕ್ತಿ ಕೊಡುತ್ತದೆ. ಅನೇಕರ ಹೊಟ್ಟೆಗೆ ಒಗ್ಗುತ್ತದೆ.

4. ಮಿರ್ಚಿ, ಎಣ್ಣೆಗಾಯಿ, ಹೆಚ್ಚು ಶೇಂಗಾ, ಕಾಳಿನ ಪಲ್ಯ ಇವು ಕೆಟ್ಟ ಆಹಾರವಲ್ಲ. ಕಾಳು, ಶೇಂಗಾಗಳಲ್ಲಿ ಒಳ್ಳೆಯ ಸಸಾರಜನಕವಿದೆ. ಆದರೆ ಅವು ನಿಧಾನವಾಗಿ ಜೀರ್ಣವಾಗುತ್ತವೆ; ಕಾಳು ವಾಯುವನ್ನೂ ಉಂಟುಮಾಡುತ್ತದೆ. ಅವನ್ನು ಕೆಲಸ ಮುಗಿದ ಮೇಲಿನ ಊಟಕ್ಕೆ ಇಟ್ಟುಕೊಳ್ಳಿ.

5. ಹಾಲು ಕುಡಿದರೆ ಹೊಟ್ಟೆಯುಬ್ಬರ, ಭೇದಿ ಆಗುವವರು ಮೊಸರು-ಮಜ್ಜಿಗೆಗಳನ್ನು ಬಳಸಿ ನೋಡಿ. ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಹಾಲಿನ ಸಕ್ಕರೆಯ ಒಂದು ಭಾಗವನ್ನು ಮೊದಲೇ ಕರಗಿಸಿರುತ್ತವೆ.

6. ಬೇಸಿಗೆಯಲ್ಲಿ ರಾತ್ರಿಯ ಅನ್ನವನ್ನು ಹೊರಗಿಟ್ಟು ಬೆಳಗ್ಗೆ ಉಣ್ಣುವಾಗ ಎಚ್ಚರವಿರಲಿ. ಅದರಲ್ಲಿ ಬೆಳೆಯುವ ಕೆಲವು ಸೂಕ್ಷ್ಮಜೀವಿಗಳ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ.

ಹೊಸ ತಿನಿಸನ್ನು ಸುಗ್ಗಿಯ ದಿನವೇ ಅಥವಾ ಓಟದ ಪರೀಕ್ಷೆಯ ದಿನವೇ ಮೊದಲ ಬಾರಿಗೆ ತಿನ್ನಬಾರದು. ಹಗುರ ಕೆಲಸದ ದಿನ ತಿಂದು ಪರೀಕ್ಷಿಸಿ, ಒಗ್ಗಿದ್ದನ್ನು ಮುಂದುವರಿಸಿ.

ನೀರು

ಹೊರಡುವ ಮುನ್ನ ಒಂದೆರಡು ಲೋಟ ಶುದ್ಧ ನೀರು ಕುಡಿಯಿರಿ. ಬಿಸಿಲಿನಲ್ಲಿ ದುಡಿಯುವಾಗ ಪ್ರತಿ 20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು ಕುಡಿಯುವುದು ಒಳ್ಳೆಯದು. ಒಮ್ಮೆಗೇ ತಂಬಿಗೆ ತುಂಬ ಕುಡಿದರೆ ಹೊಟ್ಟೆ ಕುಲುಕಿ ನೋಯುತ್ತದೆ. ಕಾಲುವೆಯ ನೀರನ್ನು ಕುದಿಸದೆ ಕುಡಿಯಬಾರದು. ಭೇದಿಯಾದರೆ 1 ಲೀಟರ್ ಶುದ್ಧ ನೀರಿಗೆ ಓಆರ್‌ಎಸ್ ಪೊಟ್ಟಣ ಬೆರೆಸಿ ಕುಡಿಯಿರಿ. ಪೊಟ್ಟಣವಿಲ್ಲದಿದ್ದರೆ 1 ಲೀಟರ್ ನೀರಿಗೆ 6 ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಬೆರೆಸಿರಿ. ಅಳತೆ ತಪ್ಪಬಾರದು.

ಗರ್ಭಿಣಿ ಮತ್ತು ಬಾಣಂತಿ

ಗರ್ಭಾವಸ್ಥೆಯಲ್ಲಿ ಅನ್ನನಾಳದ ಕೆಳಗಿನ ಬಿಗಿತ ಸಡಿಲವಾಗುತ್ತದೆ; ಬೆಳೆಯುವ ಗರ್ಭಕೋಶವು ಜಠರವನ್ನು ಒತ್ತುತ್ತದೆ. ಆದ್ದರಿಂದ ಎದೆಯುರಿ ಸಹಜ. ಇದಕ್ಕೆ ಪರಿಹಾರ ಊಟ ಬಿಡುವುದಲ್ಲ. ದಿನಕ್ಕೆ ಐದಾರು ಬಾರಿ ಸ್ವಲ್ಪಸ್ವಲ್ಪ ಉಣ್ಣುವುದು, ಉಂಡೊಡನೆ ಮಲಗದಿರುವುದು. ಕಬ್ಬಿಣಾಂಶದ ಮಾತ್ರೆಯನ್ನು ಚಹಾದೊಡನೆ ನುಂಗಬಾರದು. ಚಹಾವು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. ಮಾತ್ರೆಯಿಂದ ಹೊಟ್ಟೆ ತೊಳಸಿದರೆ ಬಿಟ್ಟುಬಿಡದೆ, ಊಟವಾದ ಒಂದು ಗಂಟೆಯ ನಂತರ ಸೇವಿಸಿರಿ. ಆಶಾ ಕಾರ್ಯಕರ್ತೆಯನ್ನು ಕೇಳಿರಿ. ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯ ಮೂಲಕ ಮಧ್ಯಾಹ್ನದ ಬಿಸಿಯೂಟ ನೀಡುವ ಮಾತೃಪೂರ್ಣ ಯೋಜನೆಯನ್ನು ರಾಜ್ಯ ಸರ್ಕಾರ 2017ರಲ್ಲಿ ಆರಂಭಿಸಿತು.

ಪತಿಯೇ, ಈ ಮಾತು ನಿಮಗೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಮನೆಯಾಕೆ ಉಣ್ಣುವ ರೂಢಿ ನಮ್ಮಲ್ಲಿ ಬೇರೂರಿದೆ. ಬೆಳಗ್ಗೆ ಉಳಿಯುವುದೇ ಇಲ್ಲವಾದರೆ ಆಕೆ ಏನನ್ನು ಉಣ್ಣಬೇಕು? ನೀವು ನೀರು ತಂದರೆ, ಮಗುವನ್ನು ಎತ್ತಿಕೊಂಡರೆ ಆಕೆಗೆ ಉಣ್ಣಲು ಹತ್ತು ನಿಮಿಷ ದೊರೆಯುತ್ತದೆ. ಇಬ್ಬರೂ ಒಟ್ಟಿಗೆ ಕುಳಿತು ಉಣ್ಣಿರಿ.

ಎಚ್ಚರಿಕೆಯ ಚಿಹ್ನೆಗಳು

ಹಿಂದೆ ಜಠರದ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣವೆಂದು ನಂಬಲಾಗಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಎಂಬ ವೈದ್ಯರು 1982ರಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ ಎಂಬ ಸೂಕ್ಷ್ಮಜೀವಿಯನ್ನು ಗುರುತಿಸಿ, ಬಹುಪಾಲು ಹುಣ್ಣುಗಳಿಗೆ ಅದೇ ಮೂಲವೆಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇದಕ್ಕೆ ಔಷಧವಿದೆ. ಹುಣ್ಣಿಗೆ ಇನ್ನೊಂದು ಮುಖ್ಯ ಕಾರಣ ಮೈಕೈನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು. ವೈದ್ಯರ ಸಲಹೆಯಿಲ್ಲದೆ ಅವನ್ನು ನುಂಗಬಾರದು.

ಮಲವು ಡಾಂಬರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ, ವಾಂತಿಯಲ್ಲಿ ರಕ್ತ ಕಂಡರೆ, ನುಂಗಲು ಕಷ್ಟವಾದರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ವೈದ್ಯರನ್ನು ಕಾಣಿರಿ. ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು. ಸಂಶಯವಿದ್ದರೆ ಕೇಳಿ ತಿಳಿಯಿರಿ. ದುಡಿಯುವಾಗ ಎದೆ ಹಿಂಡಿದಂತಾಗಿ, ನೋವು ಎಡತೋಳಿಗೋ ದವಡೆಗೋ ಹರಡಿ, ಬೆವರು ಕಿತ್ತು ಬಂದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಕೂರಬೇಡಿರಿ. ಅದು ಹೃದಯಾಘಾತವಿರಬಹುದು, ಕೂಡಲೇ 108ಕ್ಕೆ ಕರೆಮಾಡಿರಿ.

ನೆನಪಿಡಿರಿ

ಬರಿಹೊಟ್ಟೆಯೂ ಬೇಡ, ತುಂಬುಹೊಟ್ಟೆಯೂ ಬೇಡ. ಹಗುರವಾದುದನ್ನು ಮುಂಚಿತವಾಗಿ ಉಣ್ಣಿರಿ, ಆಗಾಗ ನೀರು ಕುಡಿಯಿರಿ. ನಾಳೆ ಬೆಳಗ್ಗೆ ಮನೆ ಬಿಡುವ ಮುನ್ನ ಪತಿಪತ್ನಿಯರು ಒಬ್ಬರನ್ನೊಬ್ಬರು ಒಂದೇ ಪ್ರಶ್ನೆ ಕೇಳಿಕೊಳ್ಳಿರಿ: “ನೀನು ಉಂಡೆಯಾ?”