ಕೋಲಾರವನ್ನು ನಡೆದೇ ನೋಡಿ

ಮುಂದಿನ ಭಾನುವಾರ ಮಕ್ಕಳ ಜೊತೆ ಅಂತರಗಂಗೆಗೆ ಹೊರಟಿದ್ದೇವೆ, ಕಾರು ಬೆಟ್ಟದ ಬುಡದವರೆಗೂ ಹೋಗುತ್ತದಾ ಎಂದು ಬೆಂಗಳೂರಿನ ಗೆಳತಿ ಕೇಳಿದಳು. ಹೋಗುತ್ತದೆ, ಆದರೆ ಹೋಗಬೇಡ ಅಂದೆ. ಬೆಂಗಳೂರಿನಿಂದ ಬರುವವರೆಲ್ಲ ಮಾಡುವ ತಪ್ಪು ಇದೇ. ಹೆದ್ದಾರಿಯಿಂದ ನೇರ ಬೆಟ್ಟಕ್ಕೆ ತಿರುಗಿ, ಗುಹೆಗಳಲ್ಲಿ ನುಸುಳಿ, ಫೋಟೋ ಹೊಡೆದು ವಾಪಸ್. ಅವರ ಪಾಲಿಗೆ ಕೋಲಾರ ಎಂಬ ಊರೇ ಇಲ್ಲ. ಸಾವಿರ ವರ್ಷ ಹಳೆಯ ಗುಡಿಯೊಂದು ನಾಲ್ಕೈದು ಕಿಲೋಮೀಟರ್ ಆಚೆಗಿದ್ದರೂ ನೋಡದೆ ಹೋಗುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ಬಸ್ಸಿನಲ್ಲಿ ಬನ್ನಿ. ಎಪ್ಪತ್ತು ಕಿಲೋಮೀಟರ್ ಒಳಗಿನ ದಾರಿ, ಬಸ್ಸುಗಳಿಗೆ ಬರವಿಲ್ಲ. ಬೆಳಿಗ್ಗೆ ಏಳೂವರೆಗೆಲ್ಲ ಕೋಲಾರದಲ್ಲಿ ಇಳಿದಿದ್ದರೆ ಒಳ್ಳೆಯದು, ಏಕೆಂದರೆ ಮಧ್ಯಾಹ್ನ ಗುಡಿಗಳ ಬಾಗಿಲು ಹಾಕಿರುತ್ತದೆ. ತಿಂಡಿಗೆ ಮುಳಬಾಗಿಲು ದೋಸೆ ಸಿಗುವ ಹೋಟೆಲು ಯಾವುದೆಂದು ಯಾರನ್ನಾದರೂ ಕೇಳಿ. ಉತ್ತರ ಅರ್ಧ ಕನ್ನಡ, ಅರ್ಧ ತೆಲುಗಿನಲ್ಲಿ ಬರಬಹುದು. ಗಾಬರಿ ಬೇಡ, ನಮ್ಮೂರ ಮಾತೇ ಹಾಗೆ.

ಮೊದಲು ಸೋಮೇಶ್ವರನ ಗುಡಿ. ವಿಜಯನಗರದ ಕಾಲದ್ದು. ಗೋಪುರ ನೋಡಿ ತಿರುಗಬೇಡಿ, ಒಳಗಿನ ಕಲ್ಯಾಣ ಮಂಟಪದ ಕಂಬಗಳ ಹತ್ತಿರ ಕೂತುಕೊಳ್ಳಿ. ಒಂದು ಕಂಬದಲ್ಲಿ ಕಂಡದ್ದು ಇನ್ನೊಂದರಲ್ಲಿ ಇಲ್ಲ. ನಾನು ಕನಿಷ್ಠ ಹತ್ತು ಸಲ ಹೋಗಿದ್ದೇನೆ, ಪ್ರತಿ ಸಲವೂ ಹೊಸದೊಂದು ಮುಖ ಕಣ್ಣಿಗೆ ಬಿದ್ದಿದೆ.

ಅಲ್ಲಿಂದ ಕೋಲಾರಮ್ಮನ ಗುಡಿಗೆ ಕೆಲವೇ ನಿಮಿಷದ ನಡಿಗೆ. ಇಲ್ಲಿ ಮಾತ್ರ ಆತುರ ಮಾಡಬೇಡಿ. ತಲಕಾಡಿಗೆ ಹೋಗುವ ಮುಂಚೆ ಗಂಗರ ರಾಜಧಾನಿಯಾಗಿದ್ದದ್ದು ಈ ಕುವಲಾಲ, ಅಂದರೆ ನಮ್ಮ ಕೋಲಾರವೇ. ಆಮೇಲೆ ಚೋಳರು ಬಂದರು. ಗೋಡೆಗಳ ಮೇಲೆ ಅವರ ತಮಿಳು ಶಾಸನಗಳು ಸಾಲುಸಾಲಾಗಿ ಇವೆ. ಓದಲು ಬಾರದಿದ್ದರೂ ಆ ಅಕ್ಷರದ ಗುಂಡಗಿನ ತಿರುವುಗಳನ್ನು ನೋಡುತ್ತ ನಿಲ್ಲಬಹುದು. ಕೋಲಾರಮ್ಮನನ್ನು ಪರಶುರಾಮನ ತಾಯಿ ರೇಣುಕೆ ಎಂದೇ ನಂಬಿರುವವರು ನಾವು. ಒಳಗೆ ಸಪ್ತಮಾತೃಕೆಯರಿದ್ದಾರೆ, ಜೊತೆಗೆ ಚೇಳಮ್ಮ. ಚೇಳು ಕಡಿಯದಂತೆ ಕಾಯುವ ದೇವಿ ಆಕೆ. ಅವಳ ಕಾಣಿಕೆ ಹುಂಡಿ ಪೆಟ್ಟಿಗೆಯಲ್ಲ, ನೆಲದಲ್ಲೇ ಕೊರೆದ ಕುಳಿ. ನಮ್ಮಜ್ಜಿ ನನ್ನ ಕೈಗೆ ನಾಕಾಣೆ ಕೊಟ್ಟು ಅದರೊಳಗೆ ಹಾಕಿಸುತ್ತಿದ್ದಳು. ಮಕ್ಕಳಿದ್ದರೆ ಒಂದೊಂದು ನಾಣ್ಯ ಕೊಡಿ, ಅದು ಬೀಳುವ ಸದ್ದಿಗೆ ಕಿವಿಗೊಡಲಿ.

ಬಿಡುವಿದ್ದರೆ ಹೈದರಾಲಿಯ ತಂದೆ ಫತೇ ಮಹಮದನ ಗೋರಿಯಿರುವ ಮಕ್ಬರಾ ನೋಡಬಹುದು. ಅಲ್ಲಿಂದ ಬೆಟ್ಟದ ಬುಡದವರೆಗಿನ ರಸ್ತೆಯಲ್ಲಿ ಹೇಳುವಂಥದ್ದೇನಿಲ್ಲ. ಧೂಳು, ಲಾರಿ. ಕಾಲು ಸೋತರೆ ಅಷ್ಟು ದೂರಕ್ಕೆ ಆಟೋ ಹಿಡಿಯಿರಿ, ಆದರೆ ಹತ್ತುವ ಮುಂಚೆಯೇ ದುಡ್ಡು ಮಾತಾಡಿಕೊಳ್ಳಿ. ಕಳೆದ ಸಲ ನಾನು ಮಾತಾಡದೆ ಹತ್ತಿ, ನೂರು ರೂಪಾಯಿಯ ಜಾಗದಲ್ಲಿ ಇನ್ನೂರೈವತ್ತು ತೆತ್ತೆ.

ಅದಕ್ಕಿಂತ ಬೇಸರ ತರಿಸಿದ್ದು ಬುಡದಲ್ಲಿ ಸಿಕ್ಕ ಒಬ್ಬ ಯುವಕ. ತಾನೇ ಗೈಡ್ ಎಂದ, ಗುಹೆ ತೋರಿಸುತ್ತೇನೆ ಎಂದ. ಬಂಡೆಗಳ ನಡುವೆ ಅರ್ಧ ದಾರಿಯಲ್ಲಿ ನಿಂತು, ಇನ್ನಷ್ಟು ಕೊಟ್ಟರೆ ಮುಂದೆ ಎಂದ. ನಮ್ಮ ಜೊತೆ ವಯಸ್ಸಾದ ಅತ್ತೆ ಇದ್ದರು. ಕೊಟ್ಟೆವು. ಇಂಥವರ ಹಿಂದೆ ಹೋಗಬೇಡಿ. ಗುಹೆ ನೋಡಲೇಬೇಕೆಂದಿದ್ದರೆ ಬೆಟ್ಟ ಬಲ್ಲವರು ಜೊತೆಗಿರಲಿ. ಕತ್ತಲಲ್ಲಂತೂ ಬೇಡವೇ ಬೇಡ.

ಅಂತರಗಂಗೆಗೆ ಗೈಡ್ ಬೇಕಿಲ್ಲ, ಮೆಟ್ಟಿಲಿದೆ. ಕೆಲವು ನೂರು ಮೆಟ್ಟಿಲು, ನಿಧಾನಕ್ಕೆ ಹತ್ತಿ. ಬೆಟ್ಟ ಊರಿನ ಪಶ್ಚಿಮಕ್ಕಿರುವುದರಿಂದ ಬೆಳಗಿನ ಬಿಸಿಲು ಈ ಮೈಗೇ ಬೀಳುತ್ತದೆ. ಹತ್ತು ಗಂಟೆ ದಾಟಿದರೆ ಕಷ್ಟ. ಕೈಯಲ್ಲಿ ಬಾಳೆಹಣ್ಣು, ಪ್ಲಾಸ್ಟಿಕ್ ಚೀಲ ಕಂಡರೆ ಕೋತಿಗಳು ಬಿಡುವುದಿಲ್ಲ, ಎಲ್ಲ ಬ್ಯಾಗಿನೊಳಗಿರಲಿ.

ಮೇಲೆ ಕಾಶಿ ವಿಶ್ವೇಶ್ವರನ ಸನ್ನಿಧಿ. ಪಕ್ಕದಲ್ಲಿ ಕಲ್ಲಿನ ಬಸವನ ಬಾಯಿಂದ ನೀರು ಬೀಳುತ್ತದೆ. ಈ ನೀರನ್ನು ನೋಡುವ ಮುಂಚೆ ನಮ್ಮ ಜಿಲ್ಲೆಯನ್ನು ನೆನೆಯಿರಿ. ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್‌ನಲ್ಲಿ ಧೂಳು ಬಂದದ್ದನ್ನು ಕಂಡ ಮನೆಗಳು ಇಲ್ಲಿ ಹಳ್ಳಿಹಳ್ಳಿಯಲ್ಲೂ ಇವೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ತುಂಬಿಸುತ್ತಿರುವುದು ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು. ಅಂಥ ಸೀಮೆಯಲ್ಲಿ, ಬಂಡೆಯ ಒಡಲಿಂದ ಈ ಬಸವನ ಬಾಯಿಗೆ ನೀರು ಬರುತ್ತಲೇ ಇದೆ. ಬೊಗಸೆ ಒಡ್ಡಿದರೆ ಏಪ್ರಿಲ್‌ನಲ್ಲೂ ತಣ್ಣಗಿರುತ್ತದೆ. ನಾನು ಅಲ್ಲಿ ಅರ್ಧ ಗಂಟೆಗೆ ಕಡಿಮೆ ಕೂತದ್ದೇ ಇಲ್ಲ.

ಶಕ್ತಿಯಿದ್ದವರು ಇನ್ನೂ ಮೇಲೆ ತೇರಹಳ್ಳಿ ಕಡೆಗೆ ಹತ್ತಬಹುದು. ಬೆಟ್ಟದ ನೆತ್ತಿಯ ಮೇಲೂ ಊರು, ಹೊಲ, ದನ ಎಲ್ಲ ಇರುವುದನ್ನು ಕಂಡು ಮಕ್ಕಳು ಬೆರಗಾಗುತ್ತಾರೆ. ಮೇ, ಜೂನ್‌ನಲ್ಲಿ ಬಂದರೆ ಇಳಿದ ಮೇಲೆ ಶ್ರೀನಿವಾಸಪುರದ ಮಾವಿನಹಣ್ಣು ಒಯ್ಯಲು ಮರೆಯಬೇಡಿ.

ಇನ್ನೊಂದು ಮಾತು. ಬಸವನ ನೀರು ಬೀಳುವ ಕಲ್ಯಾಣಿಯ ಸುತ್ತ ಶಾಂಪೂ ಚೀಟಿ, ಖಾಲಿ ಬಾಟಲಿ ಬಿದ್ದಿರುವುದನ್ನು ನೋಡಿ ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಬಸವನ ನೀರನ್ನು ಬಾಟಲಿಯಲ್ಲಿ ತುಂಬಿಕೊಂಡು ಹೋಗಿ, ಬೇಡವೆನ್ನುವವರಿಲ್ಲ. ಖಾಲಿ ಬಾಟಲಿಯನ್ನು ಮಾತ್ರ ಅಲ್ಲಿ ಬಿಡಬೇಡಿ.